ಬಾಯಿ ಎಷ್ಟು ಅಗಲ?

ನಮ್ಮ ಎದುರು ಮನೆಯ ಯಜಮಾನರಿಗೆ ಹಕ್ಕಿ ಹುಚ್ಚು, ಅವರ ಮನೆಯವರಿಗೆ ಹಳೆಯ ಗುಡಿಗಳ ಹುಚ್ಚು. ಇಬ್ಬರೂ ಒಂದೇ ವರ್ಷ ನಿವೃತ್ತರಾದರು. ತಿಂಗಳಿಗೊಂದು ಪ್ರವಾಸ ಎಂದು ತೀರ್ಮಾನವಾಯಿತು, ಒಂದು ಕ್ಯಾಮೆರಾ ಕೊಳ್ಳುವುದೆಂದೂ ತೀರ್ಮಾನವಾಯಿತು. ಯಾವ ಕ್ಯಾಮೆರಾ ಎಂಬುದು ಮನೆಯೊಳಗೆ ಬಗೆಹರಿಯದೆ ಒಂದು ಭಾನುವಾರ ಬೆಳಗ್ಗೆ ಇಬ್ಬರೂ ನಮ್ಮ ಮನೆಗೆ ಬಂದು ಕೂತರು. ತುಮಕೂರಿನ ಸದಾಶಿವನಗರದ ನಮ್ಮ ಬೀದಿಯಲ್ಲಿ ಭೌತಶಾಸ್ತ್ರ ಪಾಠ ಮಾಡಿದವನ ಮನೆಗೆ ಜನ ಮಿಕ್ಸಿ ಕೆಟ್ಟರೂ ಬರುತ್ತಾರೆ, ಇಂಥ ಪಂಚಾಯ್ತಿಗೂ ಬರುತ್ತಾರೆ.

"ಮೇಷ್ಟ್ರೇ, 83 ಎಕ್ಸ್ ಅಂತೆ. ಕಡಬದ ಕೆರೆ ಆಚೆ ದಡದಲ್ಲಿ ಕೂತ ಹಕ್ಕಿಯ ಕಣ್ಣೂ ಕಾಣುತ್ತಂತೆ," ಎಂದರು ಅವರು.

"ಅದನ್ನ ಕುತ್ತಿಗೆಗೆ ಹಾಕ್ಕೊಂಡು ಬೆಟ್ಟ ಹತ್ತೋರು ಯಾರು ಅಂತ ಕೇಳಿ ಅಣ್ಣ. ನನಗೆ ಬ್ಯಾಗಿನಲ್ಲಿ ಹಿಡಿಸೋದು ಸಾಕು," ಎಂದರು ಆಕೆ.

ಇಬ್ಬರೂ ಕೇಳುತ್ತಿದ್ದದ್ದು ಒಂದೇ ಪ್ರಶ್ನೆ ಎಂದು ಅವರಿಗೆ ಗೊತ್ತಿರಲಿಲ್ಲ. ಅಂಗಡಿಯವರು ಹೇಳದ, ಡಬ್ಬದ ಮೇಲೆ ದೊಡ್ಡಕ್ಷರದಲ್ಲಿ ಅಚ್ಚಾಗದ ಒಂದು ಅಳತೆಯಲ್ಲಿ ಈ ಜಗಳದ ಮುಕ್ಕಾಲು ಪಾಲು ಅಡಗಿದೆ.

ಮೊದಲು ಎಕ್ಸ್ ವಿಚಾರ. ಕ್ಯಾಮೆರಾದ 83 ಎಕ್ಸ್ ಎಂದರೆ 83 ಪಟ್ಟು ಹತ್ತಿರ ಕಾಣುವುದು ಎಂದೇ ಬಹಳ ಜನ ತಿಳಿದಿದ್ದಾರೆ. ಅದು ಬರೀ ಭಾಗಾಕಾರ. ಲೆನ್ಸಿನ ಅತಿ ಉದ್ದದ ಸಂಗಮ ದೂರವನ್ನು ಅತಿ ಗಿಡ್ಡದ್ದರಿಂದ ಭಾಗಿಸಿದರೆ ಬರುವ ಸಂಖ್ಯೆ. 2015ರಲ್ಲಿ ಬಂದ ನಿಕಾನ್ ಪಿ900 ಹಳೆಯ 35 ಮಿ.ಮೀ. ಫಿಲ್ಮಿನ ಲೆಕ್ಕದಲ್ಲಿ 24ರಿಂದ 2000 ಮಿ.ಮೀ.ವರೆಗೆ ಹಿಗ್ಗುತ್ತದೆ, 2000ವನ್ನು 24ರಿಂದ ಭಾಗಿಸಿದರೆ 83. ಮೂರು ವರ್ಷದ ನಂತರ ಬಂದ ಪಿ1000 ಹಿಗ್ಗುವುದು 3000ದವರೆಗೆ, ಆದ್ದರಿಂದ ಅದು 125 ಎಕ್ಸ್. ಒಂದು ಲೆನ್ಸು 100ರಿಂದ 400ಕ್ಕೆ ಹೋದರೆ ಅದು ಬರೀ 4 ಎಕ್ಸ್, ಆದರೂ 24ರಿಂದ 240ಕ್ಕೆ ಹೋಗುವ 10 ಎಕ್ಸ್‌ಗಿಂತ ದೂರ ನೋಡುತ್ತದೆ.

ಗುಬ್ಬಿ ಪೇಟೆಯಲ್ಲಿ ಒಂದು ಗುಬ್ಬಿ ಸಿಕ್ಕಿತು ಎಂದುಕೊಳ್ಳಿ. ಹದಿನೈದು ಸೆಂಟಿಮೀಟರ್ ಹಕ್ಕಿ, ನಿಮ್ಮಿಂದ ಹತ್ತು ಮೀಟರ್ ದೂರ. ಪಿ900 ಅನ್ನು 24ರಲ್ಲಿಟ್ಟರೆ ಅಷ್ಟು ದೂರದಲ್ಲಿ ಸುಮಾರು 14 ಮೀಟರ್ ಅಗಲದ ಜಾಗ ಚೌಕಟ್ಟಿಗೆ ಬರುತ್ತದೆ. ಬೀದಿ, ಅಂಗಡಿಯ ಬೋರ್ಡು, ನಿಂತ ಆಟೊ, ಎಲ್ಲ ಇದೆ. ಗುಬ್ಬಿಯ ಪಾಲಿಗೆ ನೂರರಲ್ಲೊಂದು ಭಾಗ. 2000ಕ್ಕೆ ಹಿಗ್ಗಿಸಿದರೆ ಚೌಕಟ್ಟು 17 ಸೆಂಟಿಮೀಟರಿಗೆ ಇಳಿದು, ಕೊಕ್ಕಿನಿಂದ ಬಾಲದವರೆಗೆ ಹಕ್ಕಿಯೇ ತುಂಬಿಕೊಳ್ಳುತ್ತದೆ. ಯಜಮಾನರ ಆಸೆ ಸುಳ್ಳಲ್ಲ. ಚೌಕಟ್ಟು ಕಿರಿದಾಗಿದೆ, ನಿಜ. ಆದರೆ ಕಿರಿದಾದ ಆ ಚೌಕಟ್ಟಿಗೆ ಬೆಳಕು ಎಲ್ಲಿಂದ ಬರಬೇಕು?

ನಮ್ಮದು ಕೆರೆಗಳ ಜಿಲ್ಲೆ, ಹಾಗಾಗಿ ಕೆರೆಯ ಭಾಷೆಯಲ್ಲೇ ಹೇಳಬಹುದು. ಏರಿ ಎಷ್ಟು ಎತ್ತರ ಕಟ್ಟಿದ್ದಾರೆ ಎಂದು ನೋಡಿ ಕೆರೆ ತುಂಬುತ್ತದೆಯೇ ಎಂದು ಯಾವ ರೈತನೂ ಹೇಳುವುದಿಲ್ಲ. ಎಷ್ಟು ಅಗಲದ ನೆಲದ ಮಳೆನೀರು ಅದಕ್ಕೆ ಹರಿದು ಬರುತ್ತದೆ ಎಂದು ಕೇಳುತ್ತಾನೆ. ಎಕ್ಸ್ ಎಂಬುದು ಏರಿಯ ಎತ್ತರ. ಬೆಳಕನ್ನು ಹಿಡಿಯುವುದು ಲೆನ್ಸಿನ ಬಾಯಿ.

ಆ ಬಾಯಿಯ ಅಗಲವನ್ನು ಯಾರನ್ನೂ ಕೇಳಬೇಕಿಲ್ಲ. ಲೆನ್ಸಿನ ಸುತ್ತ ಸಣ್ಣಕ್ಷರದಲ್ಲಿ ಎರಡು ಜೊತೆ ಅಂಕಿಗಳಿರುತ್ತವೆ. ಪಿ900ರ ಮೇಲೆ 4.3-357 ಮಿ.ಮೀ. ಎಂದೂ 1:2.8-6.5 ಎಂದೂ ಇದೆ. ಮೊದಲನೆಯದು ನಿಜವಾದ ಸಂಗಮ ದೂರ, ಎರಡನೆಯದು ಎಫ್ ಸಂಖ್ಯೆ. ಒಂದನ್ನು ಇನ್ನೊಂದರಿಂದ ಭಾಗಿಸಿ. 357 ಭಾಗಿಸು 6.5, ಅಂದರೆ 55 ಮಿ.ಮೀ. ಪೂರ್ತಿ ಹಿಗ್ಗಿಸಿದಾಗ ಆ ಕ್ಯಾಮೆರಾ ಸುಮಾರು ಎರಡು ಇಂಚಿನ ಬಾಯಿ ತೆರೆದು ಬೆಳಕು ಕುಡಿಯುತ್ತದೆ. ಇನ್ನೊಂದು ತುದಿಯಲ್ಲಿ 4.3 ಭಾಗಿಸು 2.8. ಒಂದೂವರೆ ಮಿಲಿಮೀಟರ್! ದಬ್ಬಳದ ತೂತು.

ಹಕ್ಕಿ ನೋಡುವವರ ಬೈನಾಕ್ಯುಲರಿನ ಮೇಲೆ 8×42 ಎಂದು ಬರೆದಿರುತ್ತದೆ. ಎಂಟು ಪಟ್ಟು, 42 ಮಿ.ಮೀ. ಬಾಯಿ. ಎರಡೂ ಅಂಕಿ ಎದುರಿಗೇ. ಕ್ಯಾಮೆರಾ ಮಾರುವವರಿಗೆ ಈ ಪ್ರಾಮಾಣಿಕತೆ ಏಕೆ ಬರಲಿಲ್ಲವೋ, ಎರಡನೆಯ ಅಂಕಿಯನ್ನು ಮಾತ್ರ ಗಿರಾಕಿಯೇ ಲೆಕ್ಕ ಹಾಕಿಕೊಳ್ಳಬೇಕು.

ಮಾತಿನಲ್ಲಿ ಇದು ಮುಗಿಯುವಂಥದ್ದಲ್ಲ ಎಂದು ಎರಡು ಕ್ಯಾಮೆರಾ ಎರವಲು ತಂದೆವು. ಯಜಮಾನರ ಅಕ್ಕನ ಮಗನಿಂದ ಒಂದು ಪಿ900, ತೂಕ 899 ಗ್ರಾಂ. ಆಕೆಯ ತಂಗಿಯ ಮಗಳಿಂದ ಸೋನಿಯ ಮೊದಲ ಆರ್‌ಎಕ್ಸ್100, 2012ರದ್ದು, ಬ್ಯಾಟರಿ ಸೇರಿ 240 ಗ್ರಾಂ. ಅದರ ಝೂಮ್ 28ರಿಂದ 100, ಬರೀ ಮೂರೂವರೆ ಎಕ್ಸ್. "ಇದೂ ಒಂದು ಝೂಮಾ?" ಎಂದು ಯಜಮಾನರು ನಕ್ಕರು.

ಗೂಳೂರಿನ ಪಕ್ಕದ ಕೈದಾಳಕ್ಕೆ ಹೋಗುವವರೆಗೆ ನಗು ಇತ್ತು. ಬೇಲೂರಿನಲ್ಲಿ ಮಗನ ಎದುರು ಸೋತು ಕೈ ಕಡಿದುಕೊಂಡ ಜಕಣಾಚಾರಿಗೆ ಮತ್ತೆ ಕೈ ಬಂದದ್ದು ಇಲ್ಲಿ ಎಂದು ಐತಿಹ್ಯ. ಊರಿನ ಹೆಸರಿಗೂ ಅದೇ ಕಾರಣ ಹೇಳುತ್ತಾರೆ. ಶಾಸನದ ಮಾತು ಬೇರೆ. ಹೊಯ್ಸಳ ಒಂದನೆಯ ನರಸಿಂಹನ ಸಾಮಂತ ಗೂಳಿ ಬಾಚಿ 1150ರ ಸುಮಾರಿಗೆ ಕಟ್ಟಿಸಿದ ಚೆನ್ನಕೇಶವ ದೇವಾಲಯ ಇದು. ಹೊರಗೆ ಕಣ್ಣು ಕೋರೈಸುವ ಬಿಸಿಲು, ಒಳಗೆ ಕಾಲಿಟ್ಟರೆ ಗವ್ವೆನ್ನುವ ಕತ್ತಲೆ. ಇಂಥ ಕಲ್ಲು ಮಂಟಪದ ಒಳಗಿನ ಬೆಳಕು ಅಂಗಳದ ಬಿಸಿಲಿನ ಸಾವಿರದಲ್ಲೊಂದು ಪಾಲಿಗಿಂತ ಕಡಿಮೆ ಇರುವುದು ಸಾಮಾನ್ಯ. ನಮ್ಮ ಕಣ್ಣು ಪಾಪೆ ಹಿಗ್ಗಿಸಿ, ರಸಾಯನ ಬದಲಿಸಿಕೊಂಡು, ಕೆಲವು ನಿಮಿಷದಲ್ಲಿ ಹೊಂದಿಕೊಳ್ಳುತ್ತದೆ. ಆದ್ದರಿಂದ ಎಷ್ಟು ಕತ್ತಲೆ ಎಂಬುದು ನಮಗೆ ತಿಳಿಯುವುದೇ ಇಲ್ಲ.

ಆಕೆ ಹೊರ ಮಂಟಪದಲ್ಲಿ ನಿಂತು ಒಂದೇ ಕಂಬವನ್ನು ಎರಡು ಕ್ಯಾಮೆರಾದಲ್ಲೂ ತೆಗೆದರು. ಆರ್‌ಎಕ್ಸ್100ರ ಚಿತ್ರದಲ್ಲಿ ಉಳಿಯ ಗೀರು ಕಾಣುತ್ತಿತ್ತು. ಪಿ900ರ ಚಿತ್ರದಲ್ಲಿ ಕಂಬಕ್ಕೆ ರವೆ ಎರಚಿದ ಹಾಗಿತ್ತು. ಆ ರವೆ ಕ್ಯಾಮೆರಾದ ದೋಷವಲ್ಲ, ಬೆಳಕಿನ ಸ್ವಭಾವ. ಬೆಳಕು ಬರುವುದು ಫೋಟಾನ್ ಎಂಬ ಹನಿಗಳಾಗಿ. ಮಳೆ ಶುರುವಾದಾಗ ಮಾಳಿಗೆಯ ಮೇಲೆ ಒಂದಷ್ಟು ಲೋಟಗಳನ್ನು ಸಾಲಾಗಿಟ್ಟು ಕ್ಷಣ ಬಿಟ್ಟು ನೋಡಿ. ಒಂದರಲ್ಲಿ ಎಂಟು ಹನಿ, ಪಕ್ಕದ್ದರಲ್ಲಿ ಹದಿಮೂರು. ಮಳೆ ಒಂದೇ, ಲೆಕ್ಕ ಬೇರೆ. ನೂರು ಹನಿ ಬೀಳಬೇಕಾದಲ್ಲಿ ಹತ್ತು ಹೆಚ್ಚುಕಡಿಮೆಯಾಗುತ್ತದೆ, ಅಂದರೆ ನೂರಕ್ಕೆ ಹತ್ತು. ಹತ್ತು ಸಾವಿರ ಬೀಳುವ ಕೊಪ್ಪರಿಗೆಯಲ್ಲಿ ಹೆಚ್ಚುಕಡಿಮೆ ಬರೀ ನೂರು, ನೂರಕ್ಕೆ ಒಂದು. ಹನಿ ಹೆಚ್ಚಿದಷ್ಟೂ ಚಿತ್ರ ನುಣುಪು. ಆರ್‌ಎಕ್ಸ್100ರ ಬಾಯಿ ಅಗಲದ ತುದಿಯಲ್ಲಿ 10.4 ಭಾಗಿಸು 1.8, ಅಂದರೆ 5.8 ಮಿ.ಮೀ. ಪಿ900ರದ್ದು ಒಂದೂವರೆ. ಬಾಯಿಯ ವಿಸ್ತೀರ್ಣ ಹೋಲಿಸಿದರೆ ಅದೇ ಕಂಬದಿಂದ ಸಣ್ಣ ಕ್ಯಾಮೆರಾ ಕುಡಿದ ಬೆಳಕು ದೊಡ್ಡದರ ಹದಿನಾಲ್ಕು ಪಟ್ಟು. ಕತ್ತಲೆಯಲ್ಲಿ ಗಾತ್ರ ನೋಡಿ ಮೋಸ ಹೋಗಬಾರದು.

ಇನ್ನೊಂದು ಮಾತನ್ನು ಮುಚ್ಚಿಡುವುದು ಸರಿಯಲ್ಲ. ಇಂದಿನ ಒಳ್ಳೆಯ ಮೊಬೈಲಿನ ಮುಖ್ಯ ಕ್ಯಾಮೆರಾದ ಬಾಯಿ ನಾಲ್ಕು ಮಿಲಿಮೀಟರಿನ ಆಸುಪಾಸು. ಸಾಲದ್ದಕ್ಕೆ ಅದು ಒಂದರ ಮೇಲೊಂದು ಹಲವು ಚಿತ್ರ ತೆಗೆದು ಕೂಡಿಸಿ ರವೆಯನ್ನು ಜರಡಿ ಹಿಡಿಯುತ್ತದೆ. ಗುಡಿಯ ಒಳಗೆ ಅದು ಅನೇಕ ಜೇಬು ಝೂಮ್ ಕ್ಯಾಮೆರಾಗಳನ್ನು ಸೋಲಿಸುತ್ತದೆ. 2010ರಲ್ಲಿ ಜಪಾನಿನ ಕಂಪನಿಗಳು 12 ಕೋಟಿಗೂ ಹೆಚ್ಚು ಡಿಜಿಟಲ್ ಕ್ಯಾಮೆರಾ ಕಳಿಸಿದ್ದವು, 2023ರಲ್ಲಿ 80 ಲಕ್ಷವೂ ಇಲ್ಲ. ಸತ್ತದ್ದು ಮುಖ್ಯವಾಗಿ ಅಗ್ಗದ ಜೇಬು ಕ್ಯಾಮೆರಾ. ಮೊಬೈಲಿಗಿಂತ ಕಿರಿದಾದ ಬಾಯಿಯ ಕ್ಯಾಮೆರಾವನ್ನು ಗುಡಿಗೆಂದು ಕೊಳ್ಳುವುದರಲ್ಲಿ ಅರ್ಥವಿಲ್ಲ.

ಬಾಯಿಯ ಜೊತೆಗೆ ಸೆನ್ಸರ್ ಬರುತ್ತದೆ. ಹೊಂಡ ಎಷ್ಟು ದೊಡ್ಡದು ಎಂಬ ಲೆಕ್ಕ. ಪಿ900ರದ್ದು 1/2.3 ಇಂಚು ಎಂದು ಕರೆಯುವ ಸೆನ್ಸರ್, 6.2 ಮಿ.ಮೀ.ಗೆ 4.6 ಮಿ.ಮೀ., ವಿಸ್ತೀರ್ಣ 28 ಚದರ ಮಿ.ಮೀ. ಆರ್‌ಎಕ್ಸ್100ರದ್ದು '1 ಇಂಚು', 13.2ಕ್ಕೆ 8.8, ಅಂದರೆ 116. ಒಂದಕ್ಕೆ ನಾಲ್ಕು. ಆದರೆ ಆ ಒಂದು ಇಂಚಿನ ಸೆನ್ಸರ್ ಮೇಲೆ ಎಲ್ಲಿ ಸ್ಕೇಲ್ ಇಟ್ಟರೂ ಒಂದು ಇಂಚು ಸಿಗುವುದಿಲ್ಲ. ಮೂಲೆಯಿಂದ ಮೂಲೆಗೆ ಅಳೆದರೂ 16 ಮಿ.ಮೀ., ಇಂಚಿಗೆ 25.4. ಇದು ಹಳೆಯ ಟೀವಿ ಕ್ಯಾಮೆರಾಗಳ ಕಾಲದ ಪಳೆಯುಳಿಕೆ. ಆಗ ಚಿತ್ರ ಹಿಡಿಯುತ್ತಿದ್ದದ್ದು ವಿಡಿಕಾನ್ ಎಂಬ ಗಾಜಿನ ಕೊಳವೆ. ಕೊಳವೆಯ ಹೊರ ಅಗಲ ಒಂದು ಇಂಚಾದರೆ ಚಿತ್ರ ಮೂಡುವ ಜಾಗ ಸುಮಾರು 16 ಮಿ.ಮೀ. ಕೊಳವೆ ಹೋಯಿತು, ಹೆಸರು ಉಳಿಯಿತು. ತೆಂಗಿನಕಾಯಿಯನ್ನು ಮಟ್ಟೆ ಸಮೇತ ಅಳೆದು ಕೊಬ್ಬರಿಯ ಗಾತ್ರ ಹೇಳಿದ ಹಾಗೆ. ತಿಪಟೂರಿನ ಸಂತೆಯಲ್ಲಿ ಈ ವ್ಯಾಪಾರ ನಡೆಯುವುದಿಲ್ಲ.

ಕೈದಾಳದಿಂದ ನೇರ ಕುಣಿಗಲ್ಲಿಗೆ. ಹಾಡು ಕಟ್ಟಿಸಿಕೊಂಡ ಕೆರೆ ಅದು. ಜನಪದರು ಅದನ್ನು ನೋಡುವ ಸುಖವನ್ನು ಹಾಡಿದ್ದು ಝೂಮ್ ಇಲ್ಲದ ಕಣ್ಣಿನಿಂದ, ಆ ಹರಹನ್ನು ನೋಡಿ. ಏರಿಯ ಮೇಲೆ ನಿಂತರೆ ಕೈ ತಾನಾಗಿ 24ಕ್ಕೇ ಹೋಗುತ್ತದೆ. ಯಜಮಾನರು ಮಾತ್ರ ನೀರಿನ ನಡುವೆ ಒಣಗಿದ ಬೊಡ್ಡೆಯ ಮೇಲೆ ರೆಕ್ಕೆ ಹರಡಿ ಕೂತ ನೀರುಕಾಗೆಯನ್ನು ಹುಡುಕಿಕೊಂಡರು. 2000ಕ್ಕೆ ಹಿಗ್ಗಿಸಿದರು. ಹಕ್ಕಿ ಇಲ್ಲ. ಸ್ವಲ್ಪ ಎಡಕ್ಕೆ, ಇಲ್ಲ. ಬಲಕ್ಕೆ, ಒಂದು ಕ್ಷಣ ಬಂದು ಓಡಿಹೋಯಿತು.

ಹಕ್ಕಿ ಅಲುಗಿರಲಿಲ್ಲ. 2000 ಮಿ.ಮೀ.ನಲ್ಲಿ ಕ್ಯಾಮೆರಾ ನೋಡುವ ಕೋನ ಒಂದೇ ಡಿಗ್ರಿ ಅಗಲ. ಹುಣ್ಣಿಮೆಯ ಚಂದ್ರ ಅರ್ಧ ಡಿಗ್ರಿ. ಅಂದರೆ ಎರಡು ಚಂದ್ರರನ್ನು ಪಕ್ಕಪಕ್ಕ ಇಟ್ಟರೆ ತುಂಬಿಹೋಗುವ ಕಿಟಕಿ. ಪಿ1000ದಲ್ಲಿ ಒಬ್ಬ ಚಂದ್ರನೇ ಚೌಕಟ್ಟಿನ ಎತ್ತರವನ್ನು ಹೆಚ್ಚೂಕಡಿಮೆ ಮುಟ್ಟುತ್ತಾನೆ. ಮನುಷ್ಯನ ಕೈ ಆರೋಗ್ಯವಾಗಿದ್ದರೂ ಸೆಕೆಂಡಿಗೆ ಎಂಟು ಹತ್ತು ಸಲ ಸಣ್ಣಗೆ ನಡುಗುತ್ತಲೇ ಇರುತ್ತದೆ. ಕ್ಯಾಮೆರಾದೊಳಗಿನ ಪುಟ್ಟ ಗೈರೊ ಆ ನಡುಕ ಅಳೆದು, ಲೆನ್ಸಿನ ಒಂದು ತುಣುಕನ್ನು ಎದುರು ದಿಕ್ಕಿಗೆ ಸರಿಸಿ ಚಿತ್ರವನ್ನು ಹಿಡಿದು ನಿಲ್ಲಿಸುತ್ತದೆ. ಅದ್ಭುತವಾದ ಕೆಲಸ. ಆದರೆ ನಡುಕವನ್ನು ಅದು ತಗ್ಗಿಸುತ್ತದೆ, ಅಳಿಸುವುದಿಲ್ಲ. ಹಕ್ಕಿಯೇ ಕತ್ತು ತಿರುಗಿಸಿದರೆ ಅದಕ್ಕೆ ಈ ಯಂತ್ರದಲ್ಲಿ ಔಷಧಿಯೇ ಇಲ್ಲ. ನನ್ನ ಸಲಹೆ ಯಾವ ಕೈಪಿಡಿಯಲ್ಲೂ ಇಲ್ಲ: ಬಟ್ಟೆಯ ಚೀಲದಲ್ಲಿ ಒಂದು ಸೇರು ರಾಗಿ ತುಂಬಿ ಬಾಯಿ ಹೊಲಿದುಬಿಡಿ. ಕೆರೆ ಏರಿಯ ಕಲ್ಲಿನ ಮೇಲೆ, ಕಾರಿನ ಕಿಟಕಿಯ ಮೇಲೆ ಅದನ್ನಿಟ್ಟು ಲೆನ್ಸ್ ಹೂತರೆ ಅಲುಗದು. ನೀರುಕಾಗೆ ಸಿಕ್ಕಿದ್ದು ಹಾಗೆ.

ಆಮೇಲೆ ಮನೆಯಲ್ಲಿ ದೊಡ್ಡ ಪರದೆಯ ಮೇಲೆ ನೋಡಿದಾಗ ಯಜಮಾನರ ಮುಖ ಸಪ್ಪೆಯಾಯಿತು. ಹಕ್ಕಿ ದೊಡ್ಡದಾಗಿದೆ, ಆದರೆ ಗರಿ ಗರಿ ಬಿಡಿಸಿ ಕಾಣುತ್ತಿಲ್ಲ. ಇದಕ್ಕೆ ಕಾರಣವಾದ ನಿಯಮವನ್ನು 1835ರಲ್ಲಿ ಲೆಕ್ಕ ಹಾಕಿದವನು ಜಾರ್ಜ್ ಏರಿ ಎಂಬ ಇಂಗ್ಲಿಷ್ ಖಗೋಳಜ್ಞ. (ಕೆರೆ ಏರಿಗೂ ಈ ಏರಿಗೂ ಸಂಬಂಧವಿಲ್ಲ, ತರಗತಿಯಲ್ಲಿ ಹುಡುಗರು ಪ್ರತಿ ವರ್ಷ ಕೇಳುತ್ತಿದ್ದರು.) ಬೆಳಕು ಅಲೆಯಾದ್ದರಿಂದ ಯಾವ ತೂತಿನಲ್ಲಿ ತೂರಿ ಬಂದರೂ ಅಂಚಿನಲ್ಲಿ ಸ್ವಲ್ಪ ಹರಡಿಕೊಳ್ಳುತ್ತದೆ. ಇದಕ್ಕೆ ವಿವರ್ತನೆ ಎನ್ನುತ್ತೇವೆ. ಎಷ್ಟು ಒಳ್ಳೆಯ ಗಾಜು ಹಾಕಿದರೂ ಒಂದು ಚುಕ್ಕೆಯ ಚಿತ್ರ ಚುಕ್ಕೆಯಾಗಿ ಉಳಿಯದೆ ಸಣ್ಣ ಬಿಲ್ಲೆಯಾಗುತ್ತದೆ. ಬಾಯಿ ಅಗಲವಾದಷ್ಟೂ ಹರಡುವಿಕೆ ಕಡಿಮೆ. ನೂರು ಮೀಟರ್ ದೂರದ ಹಕ್ಕಿಯ ಮೈಮೇಲೆ 55 ಮಿ.ಮೀ. ಬಾಯಿ ಬಿಡಿಸಿ ತೋರಿಸಬಲ್ಲ ಅತಿ ಸಣ್ಣ ಅಂತರ ಸುಮಾರು ಒಂದೂಕಾಲು ಮಿಲಿಮೀಟರ್. ಆರ್‌ಎಕ್ಸ್100 ಪೂರ್ತಿ ಹಿಗ್ಗಿದಾಗ ಬಾಯಿ 7.6 ಮಿ.ಮೀ.; ಅದು ಒಂಬತ್ತು ಮಿಲಿಮೀಟರಿಗಿಂತ ಸಣ್ಣದನ್ನು ಬಿಡಿಸದು. ಇದು ಪ್ರಕೃತಿ ಹಾಕಿದ ಬೇಲಿ. ಮೆಗಾಪಿಕ್ಸೆಲ್ ಎಷ್ಟು ಸುರಿದರೂ ದಾಟುವುದಿಲ್ಲ.

ಪಿ900ರ ಸೆನ್ಸರಿನಲ್ಲಿ ಒಂದೊಂದು ಪಿಕ್ಸೆಲ್ 1.34 ಮೈಕ್ರೊಮೀಟರ್. ಎಫ್ 6.5ರಲ್ಲಿ ಏರಿಯ ಬಿಲ್ಲೆಯ ಅಗಲ ಸುಮಾರು 8.7. ಒಂದು ಚುಕ್ಕೆ ಆರೇಳು ಪಿಕ್ಸೆಲ್‌ಗಳ ಮೇಲೆ ಮೈಚಾಚಿ ಮಲಗಿರುತ್ತದೆ. ಸೋನಿಯ ಆರ್‌ಎಕ್ಸ್10ರ ನಾಲ್ಕನೆಯ ಮಾದರಿ, 2017ರದ್ದು, 600 ಮಿ.ಮೀ.ಗೆ ನಿಲ್ಲುತ್ತದೆ. ಅದರ ನಿಜವಾದ ಸಂಗಮ ದೂರ 220, ಎಫ್ 4. ಭಾಗಿಸಿ ನೋಡಿ, ಅದೇ 55. ಒಂದು 25 ಎಕ್ಸ್, ಇನ್ನೊಂದು 83 ಎಕ್ಸ್, ಎರಡರ ಬಾಯಿಯೂ ಒಂದೇ ಅಗಲ! 83 ಎಕ್ಸ್‌ನ ಚಿತ್ರದಲ್ಲಿ ಹಕ್ಕಿ ಮೂರು ಪಟ್ಟಿಗೂ ಮಿಗಿಲಾಗಿ ದೊಡ್ಡದು, ವಿವರ ಮೂರು ಪಟ್ಟಿಲ್ಲ. ಜೇಬಿಗೆ ಹಿಡಿಸುವ 30 ಎಕ್ಸ್ ಎಚ್‌ಎಕ್ಸ್90ವಿ ಎಂಬುದು 720ರವರೆಗೆ ಹೋಗುತ್ತದೆ, ತೂಕ ಬರೀ 245 ಗ್ರಾಂ. ಬಾಯಿ 19 ಮಿ.ಮೀ. ಅದೇ ಹಕ್ಕಿಯಿಂದ ಅದಕ್ಕೆ ಸಿಗುವ ಬೆಳಕು ಆರ್‌ಎಕ್ಸ್10ರ ಎಂಟರಲ್ಲೊಂದು ಪಾಲು. ಆರ್‌ಎಕ್ಸ್10ರ ತೂಕ 1095 ಗ್ರಾಂ. ಬೆಳಕನ್ನು ಕೊಳ್ಳುವುದು ಎಂದರೆ ಗಾಜನ್ನು ಕೊಳ್ಳುವುದು, ಗಾಜನ್ನು ಕೊಳ್ಳುವುದು ಎಂದರೆ ತೂಕ ಹೊರುವುದು. ಪೂರ್ಣಚಂದ್ರ ತೇಜಸ್ವಿ ಮೂಡಿಗೆರೆಯಲ್ಲಿ ಹಕ್ಕಿಗಳ ಹಿಂದೆ ಬಿದ್ದದ್ದು ಫಿಲ್ಮಿನ ಕಾಲದಲ್ಲಿ. ಆಗ ರೋಲಿಗೆ 36 ಚಿತ್ರ, ಫಲ ಗೊತ್ತಾಗುವುದು ತೊಳೆಸಿದ ಮೇಲೆ. ಈಗ ಗುಂಡಿ ಒತ್ತುವುದು ಸುಲಭವಾಗಿದೆ, ಗಾಜು ಹಗುರವಾಗಿಲ್ಲ.

"ಹಾಗಾದ್ರೆ ಬಾಯಿ ದೊಡ್ಡದಿದ್ದು, ಕೈ ಅಲುಗದಿದ್ರೆ ಗೆದ್ದ ಹಾಗೆ ಅನ್ನಿ," ಎಂದರು ಯಜಮಾನರು. ಇನ್ನೊಂದು ಉಳಿದಿತ್ತು. ಅದನ್ನು ತೋರಿಸಲು ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಗೆ ಕರೆದುಕೊಂಡು ಹೋದೆ. ಕೃಷ್ಣಮೃಗಗಳ ಹುಲ್ಲುಗಾವಲು ಅದು, ಜಯಮಂಗಲಿ ಮೀಸಲು ಪ್ರದೇಶ. ತಡವಾಗಿ ಹೊರಟು ತಲುಪಿದಾಗ ಹನ್ನೊಂದೂವರೆ, ಮಾರ್ಚಿನ ಬಿಸಿಲು. ದೂರದಲ್ಲಿ ಒಂದು ಗಂಡು ಜಿಂಕೆ, ತಿರುಪು ಕೊಂಬು. ರಾಗಿ ಚೀಲ, 2000 ಮಿ.ಮೀ., ಕ್ಲಿಕ್. ಪರದೆಯ ಮೇಲೆ ಜಿಂಕೆಯ ಕಾಲು ನೀರಿನಲ್ಲಿ ಮುಳುಗಿದಂತೆ ನಲಿಯುತ್ತಿತ್ತು, ಕೊಂಬು ಬೆಂಕಿಯ ಮೇಲಿನ ಹಪ್ಪಳದ ಹಾಗೆ ಮುರುಟಿತ್ತು.

ಕಾದ ನೆಲದಿಂದ ಬಿಸಿಗಾಳಿ ಗುಳ್ಳೆ ಗುಳ್ಳೆಯಾಗಿ ಏಳುತ್ತದೆ. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಅದರ ವಕ್ರೀಭವನ ಸೂಚ್ಯಂಕ ಹತ್ತು ಲಕ್ಷದಲ್ಲೊಂದು ಪಾಲಿನಷ್ಟು ಬದಲಾಗುತ್ತದೆ. ಕೇಳಲು ಏನೂ ಅಲ್ಲ. ಆದರೆ ಇನ್ನೂರು ಮುನ್ನೂರು ಮೀಟರ್ ಉದ್ದಕ್ಕೂ ಇಂಥ ಸಾವಿರ ಗುಳ್ಳೆ ದಾಟಿ ಬರುವ ಕಿರಣ ಅಲ್ಲಿಷ್ಟು ಇಲ್ಲಿಷ್ಟು ಬಾಗಿ, 55 ಮಿ.ಮೀ. ಬಾಯಿಯ ಸಾಮರ್ಥ್ಯವನ್ನೂ ಮೀರಿ ಕಲಸಿಹೋಗುತ್ತದೆ. ನಮ್ಮ ಹಿರಿಯರಿಗೆ ಈ ಗಾಳಿಯ ಆಟ ಚೆನ್ನಾಗಿ ಗೊತ್ತಿತ್ತು. ಇದರದೇ ಒಡಹುಟ್ಟಿಗೆ ಕನ್ನಡದಲ್ಲಿ ಬಿಸಿಲ್ಗುದುರೆ ಎಂದರು. ಕುಣಿಗಲ್ಲಿನ ಕುದುರೆ ಫಾರ್ಮಿನಲ್ಲೂ ಸಿಗದ ತಳಿ ಅದು. ಸಂಸ್ಕೃತದಲ್ಲಿ ಮೃಗತೃಷ್ಣೆ, ಜಿಂಕೆಯ ಬಾಯಾರಿಕೆ. ಆ ಪದ ಹುಟ್ಟಿದ ದೃಶ್ಯವೇ ನಮ್ಮೆದುರು ನಿಂತಿತ್ತು, 16 ಮೆಗಾಪಿಕ್ಸೆಲ್‌ನಲ್ಲಿ. ಇದಕ್ಕೆ ಹಣ ಕೊಟ್ಟು ಕೊಳ್ಳುವ ಪರಿಹಾರ ಇಲ್ಲ. ಬೆಳಗ್ಗೆ ಏಳಕ್ಕೆ ಮೊದಲು ಬರಬೇಕು, ಇಲ್ಲವೇ ಹತ್ತಿರ ಹೋಗಬೇಕು. ಹತ್ತಿರ ಹೋದರೆ ಜಿಂಕೆ ಇರುವುದಿಲ್ಲ.

ಮನೆಗೆ ಮರಳುವ ಮುಂಚೆ ಶಿರಾ ತಾಲ್ಲೂಕಿನ ಕಗ್ಗಲಡು ನೋಡೋಣ ಎಂದರು ಯಜಮಾನರು. ಬಣ್ಣದ ಕೊಕ್ಕರೆಗಳ ಊರು. ಮೂರಡಿ ಎತ್ತರದ ಹಕ್ಕಿ, ಹಳದಿ ಕೊಕ್ಕು, ಬಾಲದ ಹತ್ತಿರ ಕುಂಕುಮ ಚೆಲ್ಲಿದ ಗುಲಾಬಿ ಗರಿ. ದಾರಿಯುದ್ದಕ್ಕೂ ಅವರು ಬ್ಯಾಟರಿ, ಕಾರ್ಡು, ರಾಗಿ ಚೀಲ ಸರಿಮಾಡಿಕೊಂಡರು. ಕೆರೆ ಎಲ್ಲಿದೆ, ದಡದಿಂದ ಎಷ್ಟು ದೂರ ಎಂದು ಕೇಳುತ್ತಲೇ ಇದ್ದರು.

ಅಲ್ಲಿ ಕೊಕ್ಕರೆಗಳು ಗೂಡು ಕಟ್ಟುವುದು ಊರೊಳಗಿನ ಹುಣಸೆ ಮರಗಳಲ್ಲಿ, ಮನೆಗಳ ನೆತ್ತಿಯ ಮೇಲೆ. ಹಿಕ್ಕೆ ಬೀಳುತ್ತದೆ, ಮೀನಿನ ನಾತ ಬರುತ್ತದೆ. ಊರಿನವರು ಅದನ್ನೆಲ್ಲ ಸಹಿಸಿಕೊಂಡು ಅವನ್ನು ಕಾಪಾಡಿಕೊಂಡು ಬಂದಿದ್ದಾರೆ. ಯಜಮಾನರು ಕ್ಯಾಮೆರಾ ಎತ್ತಿ ಹಿಗ್ಗಿಸಿದರು. ಪರದೆಯ ತುಂಬ ಒಂದು ಹಳದಿ ಕೊಕ್ಕು, ಅದೂ ಅರ್ಧ. ಕುಗ್ಗಿಸಿದರು, ಇನ್ನೂ ಕುಗ್ಗಿಸಿದರು, ಎರಡು ಹೆಜ್ಜೆ ಹಿಂದೆ ಸರಿದರು. ಬೆನ್ನಿಗೆ ಯಾರದೋ ಮನೆಯ ಗೋಡೆ ತಾಗಿತು.

ಆಕೆ ಆ ಹೊತ್ತಿಗೆ ಮೂರೂವರೆ ಎಕ್ಸ್ ಕ್ಯಾಮೆರಾದಲ್ಲಿ ಮರ, ಮರದ ತುಂಬ ಕೊಕ್ಕರೆ, ಮರದ ಕೆಳಗೆ ಪಾತ್ರೆ ತೊಳೆಯುತ್ತ ಕೂತ ಅಜ್ಜಿ, ಮೂರನ್ನೂ ಒಂದೇ ಚಿತ್ರದಲ್ಲಿ ತೆಗೆದು, ಅಜ್ಜಿಗೆ ತೋರಿಸಲು ಹೋಗಿದ್ದರು.

ಕೊನೆಗೆ ಅವರು ಕೊಂಡದ್ದು ಒಂದಲ್ಲ, ಎರಡು. ಒಂದು ಇಂಚಿನ ಸೆನ್ಸರಿನ ಜೇಬು ಕ್ಯಾಮೆರಾ ಹೊಸದು, ಪಿ900 ಅಕ್ಕನ ಮಗನಿಂದಲೇ ಅರ್ಧ ಬೆಲೆಗೆ. ಅಂಗಡಿಯಲ್ಲಿ ಹುಡುಗ ಇನ್ನೊಂದು ಮಾದರಿ ತೋರಿಸಿ, "ಇದು 40 ಎಕ್ಸ್ ಮೇಡಂ," ಎಂದನಂತೆ. ಆಕೆ ಕನ್ನಡಕ ಏರಿಸಿ, ಲೆನ್ಸಿನ ಸುತ್ತಲಿನ ಸಣ್ಣಕ್ಷರ ಓದಿ, ಮೊಬೈಲಿನಲ್ಲಿ ಭಾಗಾಕಾರ ಮಾಡಿದರಂತೆ.

"ಇದರ ಬಾಯಿ ಇಷ್ಟೇನಾ?" ಎಂದು ಕೇಳಿದರಂತೆ. ಹುಡುಗ ಲೆನ್ಸಿನ ಮುಚ್ಚಳ ತೆಗೆದು ಒಳಗೆ ಬಗ್ಗಿ ನೋಡಿದನಂತೆ.